ವಿಪತ್ತಿನಲ್ಲಿ ವ್ರತ: ಬಂದಣಿಕೆಯ ಜಕ್ಕಿಯಬ್ಬೆಯ ಚರಿತ್ರೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿ, ಸೊರಬದ ಎಲ್ಲೆಗೆ ಸಮೀಪವಾಗಿ, ಬಂದಳಿಕೆ ಎಂಬ ಸ್ಥಳವಿದೆ. ಇಂದು ಅಲ್ಲಿಗೆ ಯಾತ್ರೆ ಹೋದ ಶ್ರಾವಕರಿಗೆ ಕಾಡಿನ ಮರಗಿಡಗಳ ನಡುವೆ ಶಾಂತಿನಾಥ ಸ್ವಾಮಿಯ ಪ್ರಾಚೀನ ಬಸದಿಯೂ, ಸೋಮೇಶ್ವರ ಮತ್ತು ತ್ರಿಮೂರ್ತಿ ನಾರಾಯಣ ದೇವಾಲಯಗಳೂ, ಶಾಸನಶಿಲೆಗಳೂ ಕಾಣುತ್ತವೆ. ಒಂದು ಕಾಲದಲ್ಲಿ ಇದು ಬಂದಣಿಕೆ, ಬಾಂಧವಪುರ ಎಂಬ ಹೆಸರುಗಳಿಂದ ಖ್ಯಾತವಾಗಿದ್ದ ಪಟ್ಟಣ. ಬನವಾಸಿ ಹನ್ನೆರಡು ಸಾವಿರ ಪ್ರಾಂತದೊಳಗಿನ ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ಇದೇ ಮುಖ್ಯಸ್ಥಳ. ಜೈನರಿಗೆ ಇದು ತೀರ್ಥಕ್ಷೇತ್ರ. ಈ ತೀರ್ಥಕ್ಕೆ ಹತ್ತನೆಯ ಶತಮಾನದ ಆರಂಭದಲ್ಲಿ ಬಂದು, ಬಸದಿಯಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ದೇಹವನ್ನು ಬಿಟ್ಟವಳು ನಾಗರಖಂಡದ ನಾಳ್ಗಾವುಂಡಿ ಜಕ್ಕಿಯಬ್ಬೆ. ಆಕೆಯ ಹೆಸರನ್ನು ಕೇಳಿದ ಜೈನರು ಕರ್ನಾಟಕದಲ್ಲಿ ಇದ್ದಾರೆ. ಆದರೆ ಹೆಸರನ್ನು ಬಲ್ಲವರೆಲ್ಲರೂ ಆಕೆಯ ನಡೆಯ ಕ್ರಮವನ್ನು ಗಮನಿಸಿದ್ದಾರೆಂದು ಹೇಳಲಾಗದು. ಮಳೆ ತಪ್ಪಿದ ವರ್ಷಗಳೂ ನೆರೆ ಬಂದ ವರ್ಷಗಳೂ ಒಂದರ ಬೆನ್ನಿಗೊಂದು ಬರುತ್ತಿರುವ ಈ ದಿನಗಳಲ್ಲಿ ಆ ಕ್ರಮವನ್ನು ಮತ್ತೊಮ್ಮೆ ನೆನೆಯುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ಜಕ್ಕಿಯಬ್ಬೆ ಬಾಳಿದುದು ರಾಷ್ಟ್ರಕೂಟರ ಆಳ್ವಿಕೆಯಲ್ಲಿ. ಆಗ ಸಿಂಹಾಸನದಲ್ಲಿದ್ದವನು ಅಮೋಘವರ್ಷ ನೃಪತುಂಗನ ಮಗನಾದ ಅಕಾಲವರ್ಷ ಕನ್ನರದೇವ, ಅಂದರೆ ಇಮ್ಮಡಿ ಕೃಷ್ಣ. ಬನವಾಸಿ ನಾಡು ಆ ಕಾಲದಲ್ಲಿ ಜಿನಧರ್ಮದ ನೆಲೆವೀಡಾಗಿತ್ತು. ಅಮೋಘವರ್ಷನ ಗುರುಗಳಾಗಿದ್ದ ಜಿನಸೇನಾಚಾರ್ಯರು ಆರಂಭಿಸಿದ ಮಹಾಪುರಾಣವನ್ನು ಅವರ ಶಿಷ್ಯರಾದ ಗುಣಭದ್ರಾಚಾರ್ಯರು ಮುಂದುವರಿಸಿದರು. ಆ ಗ್ರಂಥದ ಪೂಜೆ ನಡೆದುದು ಶಕವರ್ಷ ೮೨೦ರಲ್ಲಿ, ಅಂದರೆ ಕ್ರಿ.ಶ. ೮೯೮ರಲ್ಲಿ, ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಬಂಕಾಪುರದಲ್ಲಿ. ಆಗ ಬನವಾಸಿ ನಾಡನ್ನು ಆಳುತ್ತಿದ್ದವನು ಲೋಕಾದಿತ್ಯ. ಇದಾದ ಹದಿಮೂರು ವರ್ಷಗಳೊಳಗೆ ಅದೇ ಬನವಾಸಿ ನಾಡಿನ ಒಂದು ಭಾಗವು ಜಕ್ಕಿಯಬ್ಬೆಯ ಕೈಗೆ ಬಂದಿತು. ಇಂತಹ ಧರ್ಮವಾತಾವರಣದಲ್ಲಿ ಬೆಳೆದ ಶ್ರಾವಿಕೆಯು ಪ್ರಕೃತಿಯನ್ನೂ ಅದರ ಏರುಪೇರುಗಳನ್ನೂ ಯಾವ ದೃಷ್ಟಿಯಿಂದ ಕಾಣುತ್ತಿದ್ದಳೆಂಬುದನ್ನು ತಿಳಿಯಲು ಆ ಮಹಾಪುರಾಣವೇ ನಮಗೆ ದಾರಿ ತೋರಿಸುತ್ತದೆ.

ಜಗತ್ತು ಒಂದೇ ಸ್ಥಿತಿಯಲ್ಲಿ ನಿಲ್ಲುವುದಿಲ್ಲ. ಅವಸರ್ಪಿಣಿ ಕಾಲದಲ್ಲಿ ಆಯುಸ್ಸು, ಬಲ, ಭೂಮಿಯ ಸಾರ ಇವೆಲ್ಲ ಕ್ರಮವಾಗಿ ಕುಗ್ಗುತ್ತ ಬರುತ್ತವೆ ಎಂಬುದು ನಮ್ಮ ಆಗಮಗಳ ನಿರ್ಣಯ. ಭೋಗಭೂಮಿಯು ಮುಗಿಯುತ್ತ ಬಂದಾಗ ಬೆಳಕನ್ನೀಯುತ್ತಿದ್ದ ಕಲ್ಪವೃಕ್ಷಗಳ ಕಾಂತಿ ಕುಂದಿ, ಆಕಾಶದಲ್ಲಿ ಸೂರ್ಯಚಂದ್ರರು ಮೊದಲ ಬಾರಿಗೆ ಕಾಣಿಸಿಕೊಂಡರು, ಜನರು ಹೆದರಿದರು. ಆಗ ಮೊದಲನೆಯ ಕುಲಕರನಾದ ಪ್ರತಿಶ್ರುತಿಯು ಅವರಿಗೆ ಕಾರಣವನ್ನು ತಿಳಿಸಿ ಭಯವನ್ನು ಕಳೆದನು. ಮುಂದೆ ಸಾಧುವಾಗಿದ್ದ ಮೃಗಗಳು ಕ್ರೂರವಾದವು. ಕ್ಷೇಮಂಕರನು ಅವುಗಳಿಂದ ದೂರವಿರುವುದನ್ನು ಕಲಿಸಿದನು. ಕಲ್ಪವೃಕ್ಷಗಳು ವಿರಳವಾಗಿ ಜನರು ಕಲಹಕ್ಕಿಳಿದಾಗ ಸೀಮಂಕರನು ಎಲ್ಲೆಗಳನ್ನು ನಿಯಮಿಸಿದನು. ಮೋಡಗಳು ಕವಿದು ಮಳೆ ಸುರಿದು ನದಿಗಳು ಹರಿದಾಗ ಮರುದೇವನು ದೋಣಿಯನ್ನು ನಡೆಸುವುದನ್ನು ತೋರಿಸಿಕೊಟ್ಟನು. ಕಡೆಗೆ ನಾಭಿರಾಜನ ಮಗನಾದ ಆದಿದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದನು. ಈ ಕಥಾಭಾಗವನ್ನು ಪ್ರವಚನಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಅದರಲ್ಲಿ ಒಂದು ಅಂಶವನ್ನು ಗಮನಿಸಬೇಕು. ಪ್ರಕೃತಿ ಬದಲಾದಾಗ ಯಾವ ಕುಲಕರನೂ ಜನರಿಗೆ ಕೈಕಟ್ಟಿ ಕುಳಿತಿರಲು ಹೇಳಲಿಲ್ಲ. ಮೊದಲು ಕಾರಣವನ್ನು ತಿಳಿಸಿ ಭಯವನ್ನು ನಿವಾರಿಸಿದರು; ಅನಂತರ ಆ ಕಾಲಕ್ಕೆ ತಕ್ಕ ಉಪಾಯವನ್ನು ಕಲಿಸಿದರು.

ನಾಗರಖಂಡದ ನೆಲವು ಇಂತಹ ಉಪಾಯಗಳನ್ನು ನಂಬಿಯೇ ಬದುಕಿದ ನೆಲ. ಇದು ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಅರೆಮಲೆನಾಡು. ಪಶ್ಚಿಮಕ್ಕೆ ವರದಾ ಮತ್ತು ದಂಡಾವತಿ, ಪೂರ್ವಕ್ಕೆ ಕುಮುದ್ವತಿ. ಮಳೆ ಸಕಾಲದಲ್ಲಿ ಬಂದರೆ ಭತ್ತದ ಗದ್ದೆಗಳು ತುಂಬುತ್ತವೆ; ಒಂದೆರಡು ನಕ್ಷತ್ರದ ಮಳೆ ಕೈಕೊಟ್ಟರೆ ಪೈರು ಒಣಗುತ್ತದೆ. ಆದುದರಿಂದ ಊರೂರಿಗೆ ಕೆರೆಯನ್ನು ಕಟ್ಟಿಕೊಳ್ಳುವುದು ಇಲ್ಲಿಯ ಪೂರ್ವಿಕರು ಕಂಡುಕೊಂಡ ಮಾರ್ಗವಾಗಿತ್ತು. ಇದೇ ತಾಲೂಕಿನ ತಾಳಗುಂದದ ಸ್ತಂಭಶಾಸನವು ಕದಂಬ ಕಾಕುತ್ಸ್ಥವರ್ಮನು ಅಲ್ಲಿ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಅದು ಜಕ್ಕಿಯಬ್ಬೆಗಿಂತ ಸುಮಾರು ಐದು ಶತಮಾನಗಳಷ್ಟು ಹಿಂದಿನ ಮಾತು. ಕೆರೆಯನ್ನು ಕಟ್ಟಿದರೆ ಸಾಲದು. ಏರಿಯನ್ನು ಭದ್ರಪಡಿಸಬೇಕು, ತೂಬನ್ನು ನೋಡಿಕೊಳ್ಳಬೇಕು, ಹೂಳನ್ನು ತೆಗೆಯಬೇಕು. ಈ ಕೆಲಸಕ್ಕಾಗಿ ಭೂಮಿಯನ್ನು ಬಿಟ್ಟುಕೊಡುತ್ತಿದ್ದ ಕೆರೆಗೊಡಗೆ, ಬಿತ್ತುವಟ್ಟ ಮುಂತಾದ ದತ್ತಿಗಳು ಕನ್ನಡ ಶಾಸನಗಳಲ್ಲಿ ಹೇರಳವಾಗಿವೆ. ನಾಡಿನ ಮೇಲಿನ ಗಾವುಂಡನಾದವನು ತೆರಿಗೆಯನ್ನು ಎತ್ತುವುದು, ವ್ಯಾಜ್ಯಗಳನ್ನು ತೀರಿಸುವುದು, ದತ್ತಿಗಳಿಗೆ ಸಾಕ್ಷಿಯಾಗುವುದು, ಕಾಲ ಬಂದರೆ ನಾಡನ್ನು ಕಾಯುವುದು ಇವುಗಳ ಜೊತೆಗೆ ಇಂತಹ ವ್ಯವಸ್ಥೆಗಳು ಕೆಡದಂತೆಯೂ ನೋಡಿಕೊಳ್ಳಬೇಕಾಗಿತ್ತು. ನಾಳ್ಗಾವುಂಡ ಪದವಿಯೆಂದರೆ ಇಷ್ಟು ಹೊಣೆ.

ಆ ಹೊಣೆಯನ್ನು ಹೊತ್ತಿದ್ದವನು ಜಕ್ಕಿಯಬ್ಬೆಯ ಪತಿಯಾದ ಸತ್ತರಸ ನಾಗಾರ್ಜುನ. ಮಹಾಸಾಮಂತ ಕಲಿವಿಟ್ಟರಸನು ಬನವಾಸಿ ಹನ್ನೆರಡು ಸಾವಿರವನ್ನು ಆಳುತ್ತಿರಲು, ಸುಮಾರು ಕ್ರಿ.ಶ. ೯೧೧ರಲ್ಲಿ ನಾಗಾರ್ಜುನನು ತೀರಿಕೊಂಡನು. ಮನೆಗೆ ಒದಗುವ ವಿಪತ್ತುಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದಿದೆ? ನಾಡಿಗೂ ಅದು ವಿಪತ್ತೇ. ಅರಸನು ಆ ಪದವಿಯನ್ನು ಬೇರೆ ಮನೆತನಕ್ಕೆ ಕೊಡದೆ, ಗತಿಸಿದವನ ಹೆಂಡತಿಯಾದ ಜಕ್ಕಿಯಬ್ಬೆಗೇ ವಹಿಸಿದನು. ಹೆಂಗಸು ಆಡಳಿತದ ಪೀಠದಲ್ಲಿ ಕುಳಿತ ಉದಾಹರಣೆಗಳು ನಮ್ಮ ನಾಡಿನ ಚರಿತ್ರೆಯಲ್ಲಿ ಇಲ್ಲದೆ ಇಲ್ಲ. ಆದರೆ ಹೆಸರಿಗೆ ಮಾತ್ರ ಅಲ್ಲದೆ ಕಾರ್ಯದಿಂದಲೂ ಆ ಪೀಠವನ್ನು ತುಂಬಿದವಳೆಂಬ ಕೀರ್ತಿ ಜಕ್ಕಿಯಬ್ಬೆಯದು. ಆಡಳಿತದಲ್ಲಿ ನಿಪುಣೆ, ಜಿನೇಂದ್ರ ಶಾಸನದಲ್ಲಿ ಭಕ್ತಿಯುಳ್ಳವಳು, ಹೆಣ್ಣಾಗಿಯೂ ಪರಾಕ್ರಮದಲ್ಲಿ ಹೆಮ್ಮೆಪಟ್ಟವಳು ಎಂಬ ಅರ್ಥದಲ್ಲಿ ಬಂದಳಿಕೆಯ ಶಾಸನವು ಆಕೆಯನ್ನು ಹೊಗಳಿದೆ. ಬಸದಿಗೆ ಭತ್ತದ ಗದ್ದೆಯನ್ನು ದತ್ತಿಬಿಟ್ಟ ಸಂಗತಿಯೂ ಅದರಲ್ಲಿ ಸೇರಿದೆ. ವೈಧವ್ಯದ ದುಃಖದಲ್ಲಿ ಆಕೆ ಕೂಡಲೇ ಲೋಕವ್ಯವಹಾರವನ್ನು ಬಿಟ್ಟು ಬಸದಿಯ ಮೂಲೆಯನ್ನು ಸೇರಲಿಲ್ಲ. ಸುಮಾರು ಏಳು ವರ್ಷಗಳ ಕಾಲ ಎಪ್ಪತ್ತು ಹಳ್ಳಿಗಳ ನಾಡನ್ನು ಪಾಲಿಸಿದಳು. ಮಾಡಬೇಕಾದ ಕರ್ತವ್ಯ ಮುಂದಿರುವಾಗ ದೇಹತ್ಯಾಗದ ಯೋಚನೆಗೆ ಶ್ರಾವಕಧರ್ಮದಲ್ಲಿ ಸ್ಥಾನವಿಲ್ಲವೆಂಬುದನ್ನು ಆಕೆಯ ಈ ಏಳು ವರ್ಷಗಳೇ ಹೇಳುತ್ತವೆ.

ಆ ಕಾಲದ ಜೈನರ ಮನಸ್ಸಿನಲ್ಲಿ ಮಹಾವಿಪತ್ತೆಂದರೆ ಮೊದಲು ನೆನಪಾಗುತ್ತಿದ್ದುದು ಹನ್ನೆರಡು ವರ್ಷಗಳ ಕ್ಷಾಮ. ಶ್ರುತಕೇವಲಿ ಭದ್ರಬಾಹು ಸ್ವಾಮಿಗಳು ನಿಮಿತ್ತಜ್ಞಾನದಿಂದ ಅದನ್ನು ಮುಂಚಿತವಾಗಿ ಅರಿತರೆಂದೂ, ಸಂಘವು ಉತ್ತರಾಪಥವನ್ನು ಬಿಟ್ಟು ದಕ್ಷಿಣಕ್ಕೆ ಬಂದಿತೆಂದೂ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ ಸುಮಾರು ಕ್ರಿ.ಶ. ೬೦೦ರ ಶಾಸನವು ಸಾರುತ್ತದೆ. ಜಕ್ಕಿಯಬ್ಬೆಯು ಗತಿಸಿದ ಕೆಲವೇ ವರ್ಷಗಳ ಅನಂತರ, ಕ್ರಿ.ಶ. ೯೩೧ರ ವೇಳೆಗೆ, ಹರಿಷೇಣಾಚಾರ್ಯರು ತಮ್ಮ ಬೃಹತ್ಕಥಾಕೋಶದಲ್ಲಿ ಭದ್ರಬಾಹುಗಳ ಕಥೆಯನ್ನು ಬರೆದರು. ಕನ್ನಡದ ವಡ್ಡಾರಾಧನೆಯಲ್ಲಿಯೂ ಆ ಕಥೆಯುಂಟು. ಕ್ಷಾಮ ಬಂದೆರಗಿದ ಮೇಲೆ ಗೋಳಿಡುವುದಕ್ಕಿಂತ, ಅದು ಬರುವ ಮೊದಲೇ ತಿಳಿದು ಸಂಘವನ್ನು ಸುಭಿಕ್ಷವಾದ ನಾಡಿಗೆ ಕಳುಹಿಸಿದುದು ಅಲ್ಲಿಯ ಮುಖ್ಯ ಸಂಗತಿ. ಹಿಂದೆಯೇ ಉಳಿದವರಲ್ಲಿ ಹಸಿವಿನ ಕಾಟಕ್ಕೆ ಆಚಾರ ಸಡಿಲವಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ವ್ರತವು ನಿಲ್ಲಬೇಕಾದರೆ ಅನ್ನದ ವ್ಯವಸ್ಥೆಯೂ ನಿಲ್ಲಬೇಕೆಂಬ ಕಟುಸತ್ಯ ಆ ಕಥೆಯಲ್ಲಿದೆ.

ಹಾಗಾದರೆ ಸಲ್ಲೇಖನವೆಂದರೇನು, ಅದನ್ನು ಯಾವಾಗ ಕೈಗೊಳ್ಳಬೇಕು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ನಾಲ್ಕು ಸಂದರ್ಭಗಳನ್ನು ಹೇಳಿದ್ದಾರೆ. ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಮೊದಲಿನ ಎರಡು ಹೊರಗಿನ ಜಗತ್ತಿನಿಂದ ಬರುವ ವಿಪತ್ತುಗಳು. ಹಿಂದಿನ ಎರಡು ದೇಹದೊಳಗಿನಿಂದ ಬರುವ ವಿಪತ್ತುಗಳು. ಹೊರಗಿನ ಭೂಮಿಯಂತೆ ದೇಹವೂ ಪುದ್ಗಲವೇ ಆದುದರಿಂದ, ಎರಡನ್ನೂ ಆಚಾರ್ಯರು ಒಂದೇ ಅಳತೆಯಿಂದ ಅಳೆದಿದ್ದಾರೆ. ಆದರೆ ಇವು ಬಂದ ಕೂಡಲೇ ವ್ರತವೆಂದು ಅವರು ಹೇಳಲಿಲ್ಲ. ಪ್ರತೀಕಾರವೇ ಇಲ್ಲದ ಸ್ಥಿತಿ ಬಂದಾಗ ಮಾತ್ರ ಎಂದು ನಿಯಮಿಸಿದರು. ಈ ಒಂದು ಪದದ ಮೇಲೆ ಸಮಸ್ತ ವಿಚಾರವೂ ನಿಂತಿದೆ.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಒಂದು ದೃಷ್ಟಾಂತದಿಂದ ವಿವರಿಸಿದ್ದಾರೆ. ನಾನಾ ಬಗೆಯ ಸರಕುಗಳನ್ನು ಕೂಡಿಟ್ಟ ವರ್ತಕನಿಗೆ ತನ್ನ ಮನೆಯು ಹಾಳಾಗಲೆಂಬ ಇಚ್ಛೆ ಎಂದಿಗೂ ಇರುವುದಿಲ್ಲ. ಮನೆಗೆ ಕೇಡು ಬಂದೊದಗಿದರೆ ಅದನ್ನು ತಡೆಯಲು ಅವನು ಶಕ್ತಿಮೀರಿ ಯತ್ನಿಸುತ್ತಾನೆ. ತಡೆಯಲು ಸಾಧ್ಯವೇ ಇಲ್ಲವೆಂದು ಕಂಡಾಗ ಒಳಗಿನ ಸರಕಾದರೂ ನಾಶವಾಗದಂತೆ ನೋಡಿಕೊಳ್ಳುತ್ತಾನೆ. ಹಾಗೆಯೇ ಶ್ರಾವಕನು ವ್ರತಶೀಲಗಳೆಂಬ ಸಂಪತ್ತನ್ನು ದೇಹವೆಂಬ ಮನೆಯಲ್ಲಿ ಕೂಡಿಡುತ್ತಾನೆ. ದೇಹ ಬೀಳಲೆಂದು ಅವನು ಬಯಸುವುದಿಲ್ಲ. ರೋಗ ಬಂದರೆ ಚಿಕಿತ್ಸೆ ಮಾಡಿಸುತ್ತಾನೆ. ಚಿಕಿತ್ಸೆಗೆ ಮೀರಿದಾಗ ದೇಹದ ಸಲುವಾಗಿ ವ್ರತವನ್ನು ಕೆಡಿಸಿಕೊಳ್ಳದೆ, ವ್ರತವನ್ನು ಉಳಿಸಿಕೊಳ್ಳುತ್ತಾನೆ. ಈ ಕಾರಣದಿಂದಲೇ ಬೇಗ ಸಾಯಬೇಕೆಂಬ ಬಯಕೆಯನ್ನೂ ತತ್ತ್ವಾರ್ಥಸೂತ್ರವು ಸಲ್ಲೇಖನದ ಐದು ಅತಿಚಾರಗಳಲ್ಲಿ ಎಣಿಸಿದೆ. ಬದುಕಿನ ಆಸೆ, ಮರಣದ ಆಸೆ, ಮಿತ್ರರ ಮೇಲಣ ಮೋಹ, ಹಿಂದಿನ ಸುಖಗಳ ಸ್ಮರಣೆ, ಮುಂದಿನ ಭೋಗಗಳ ನಿದಾನ ಇವೇ ಆ ಐದು.

ಈಗ ಜಕ್ಕಿಯಬ್ಬೆಯ ಕಡೆಯ ದಿನಗಳತ್ತ ಬರೋಣ. ನಾಡನ್ನು ಪಾಲಿಸುತ್ತಿದ್ದಂತೆಯೇ ಆಕೆಯ ದೇಹವನ್ನು ವ್ಯಾಧಿಯೊಂದು ಆಕ್ರಮಿಸಿತು. ಅದು ವಾಸಿಯಾಗುವಂತಹುದಲ್ಲವೆಂದು ತಿಳಿದಾಗ ಆಕೆಗೆ ಲೋಕದ ಭೋಗಗಳು ನಿಸ್ಸಾರವೆನಿಸಿದವು. ಆಗ ಆಕೆ ಮೊದಲು ಮಾಡಿದ ಕೆಲಸ ಯಾವುದು? ಉಪವಾಸವಲ್ಲ. ಮಗಳನ್ನು ಕರೆಸಿ ತನ್ನ ಸಂಪತ್ತನ್ನು ಆಕೆಗೆ ಒಪ್ಪಿಸಿದಳು. ಪತಿಯ ಮರಣದಲ್ಲಿ ತಾನು ಕಂಡ ಅನಿರೀಕ್ಷಿತ ಹೊರೆ ಮಗಳ ತಲೆಯ ಮೇಲೆಯೂ ಹಾಗೆಯೇ ಬೀಳದಂತೆ, ತನ್ನ ಎಚ್ಚರವಿರುವಾಗಲೇ, ತನ್ನ ಕೈಯಿಂದಲೇ ಎಲ್ಲವನ್ನೂ ವಹಿಸಿಕೊಟ್ಟಳು. ಅನಂತರವೇ ಮೋಹದ ಬಂಧನವನ್ನು ಕಳಚಿಕೊಂಡು ಬಂದಣಿಕೆಯ ತೀರ್ಥಕ್ಕೆ ಬಂದಳು. ಶಕವರ್ಷ ೮೪೦ರಲ್ಲಿ, ಅಂದರೆ ಕ್ರಿ.ಶ. ೯೧೮ರಲ್ಲಿ, ಅಲ್ಲಿಯ ಬಸದಿಯಲ್ಲಿ ಪೂರ್ಣಶ್ರದ್ಧೆಯಿಂದ ವ್ರತವನ್ನು ನೋಂತು ಸಮಾಧಿಮರಣವನ್ನು ಪಡೆದಳು.

ವ್ರತದ ವಿಧಿಯನ್ನು ಬಲ್ಲವರಿಗೆ ಆಕೆಯ ನಡೆಯಲ್ಲಿರುವ ಕ್ರಮವು ಸ್ಪಷ್ಟವಾಗುತ್ತದೆ. ಸ್ನೇಹ, ವೈರ, ಪರಿಗ್ರಹಗಳನ್ನು ಮೊದಲು ಬಿಡಬೇಕು. ಬಂಧುಗಳಲ್ಲಿಯೂ ಪರಿಜನರಲ್ಲಿಯೂ ಕ್ಷಮೆಯನ್ನು ಬೇಡಬೇಕು, ತಾನೂ ಕ್ಷಮಿಸಬೇಕು. ಮಾಡಿದ, ಮಾಡಿಸಿದ, ಅನುಮೋದಿಸಿದ ಪಾಪಗಳನ್ನು ಕಪಟವಿಲ್ಲದೆ ಆಲೋಚನೆ ಮಾಡಿಕೊಳ್ಳಬೇಕು. ಶೋಕ, ಭಯ, ವಿಷಾದಗಳನ್ನು ತೊರೆಯಬೇಕು. ಇಷ್ಟಾದ ಮೇಲೆ ಘನಾಹಾರವನ್ನು ಬಿಟ್ಟು ಹಾಲಿನಂತಹ ಸ್ನಿಗ್ಧ ಪಾನಕ್ಕೆ, ಅದನ್ನು ಬಿಟ್ಟು ಕಾಂಜಿ, ಬಿಸಿನೀರುಗಳಿಗೆ, ಕಡೆಗೆ ಅದನ್ನೂ ಬಿಟ್ಟು ಶಕ್ತ್ಯನುಸಾರವಾದ ಉಪವಾಸಕ್ಕೆ ಬಂದು, ಪಂಚನಮಸ್ಕಾರವನ್ನು ಸ್ಮರಿಸುತ್ತ ದೇಹವನ್ನು ಬಿಡಬೇಕು. ಅನ್ನವನ್ನು ಬಿಡುವ ಮಾತು ಬರುವುದು ಬಹಳ ಕಡೆಯಲ್ಲಿ. ಅದಕ್ಕೆ ಮೊದಲು ಬಿಡಬೇಕಾದುದು ಅಧಿಕಾರ, ಆಸ್ತಿ ಮತ್ತು ಹಗೆತನ. ನಾಡಿನ ಅಧಿಕಾರವನ್ನೇ ಹೊಂದಿದ್ದ ಜಕ್ಕಿಯಬ್ಬೆಗೆ ಸಾಧ್ಯವಾದುದು, ಒಂದು ಮನೆಯ ಬೀಗದಕೈ ಗೊಂಚಲನ್ನು ಹಿಡಿದಿರುವ ನಮಗೆ ಎಷ್ಟು ಕಷ್ಟವೆನಿಸುತ್ತದೆ!

ಜಕ್ಕಿಯಬ್ಬೆಯ ಅನಂತರವೂ ಬಂದಣಿಕೆಯ ಕೀರ್ತಿ ಮೂರು ಶತಮಾನಗಳ ಕಾಲ ಬೆಳೆಯಿತು. ಹದಿಮೂರನೆಯ ಶತಮಾನದ ಆರಂಭದಲ್ಲಿ ಬೊಪ್ಪಸೆಟ್ಟಿಯೆಂಬ ಶ್ರಾವಕನು ಶಾಂತಿನಾಥ ಸ್ವಾಮಿಗೆ ಮಂಟಪವನ್ನು ಕಟ್ಟಿಸಿದನು. ಮುಂದೆ ರಾಜ್ಯಗಳು ಬದಲಾದವು, ವ್ಯಾಪಾರದ ದಾರಿಗಳು ಬದಲಾದವು, ಪಟ್ಟಣವು ಬರಿದಾಯಿತು; ಬೀದಿಗಳಿದ್ದ ಕಡೆ ಮರಗಳು ಬೆಳೆದವು. ಮನುಷ್ಯನು ಕಟ್ಟಿದುದನ್ನು ಕಾಡು ಮರಳಿ ತೆಗೆದುಕೊಳ್ಳುವುದಕ್ಕೆ ಬಂದಳಿಕೆಯೇ ಸಾಕ್ಷಿ. ಅನಿತ್ಯಾನುಪ್ರೇಕ್ಷೆಯನ್ನು ಭಾವಿಸಲು ಇದಕ್ಕಿಂತ ತಕ್ಕ ಸ್ಥಳ ಬೇರೆ ಬೇಕಿಲ್ಲ. ಆದರೆ ಎಲ್ಲವೂ ಅನಿತ್ಯವೆಂದು ಹೇಳಿ ನೆರೆಯವನ ಹಸಿವನ್ನು ಕಾಣದಂತೆ ಇರುವುದು ಅನುಪ್ರೇಕ್ಷೆಯಲ್ಲ.

ನಮ್ಮ ಅಜ್ಜ ಮುತ್ತಜ್ಜಂದಿರ ಬಾಯಲ್ಲಿ ಧಾತು ಈಶ್ವರ ಸಂವತ್ಸರಗಳ ಬರವೆಂದು ಉಳಿದುಬಂದ ೧೮೭೬-೭೮ರ ಕ್ಷಾಮವನ್ನು ಸ್ಮರಿಸಬೇಕು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮೇಲಿದ್ದ ಮೈಸೂರು ಸೀಮೆಯ ಜನಸಂಖ್ಯೆಯು ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿದಿತ್ತು. ನಮ್ಮ ಕಣ್ಣೆದುರಿನಲ್ಲಿಯೇ, ೨೦೧೯ರ ಆಗಸ್ಟಿನಲ್ಲಿ ಮಲೆನಾಡಿನಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ನೆರೆಯು ಮನೆಮಾರುಗಳನ್ನು ಕೊಚ್ಚಿಕೊಂಡು ಹೋಯಿತು. ೨೦೨೩ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಇಂತಹ ಸಮಯಗಳಲ್ಲಿ ಬಸದಿಗಳಲ್ಲಿ ಶಾಂತಿವಿಧಾನಗಳು ನಡೆಯುತ್ತವೆ, ಅನೇಕರು ಉಪವಾಸಗಳನ್ನು ಹಿಡಿಯುತ್ತಾರೆ. ಅವು ಆಗಬೇಕಾದುವೇ. ಆದರೆ ಉಪವಾಸವು ಮಳೆಯನ್ನು ಕೊಳ್ಳುವ ಬೆಲೆಯಲ್ಲ; ಅದು ಕರ್ಮನಿರ್ಜರೆಗಾಗಿ ಮಾಡುವ ತಪಸ್ಸು. ವಿಪತ್ತಿಗೆ ಪ್ರತೀಕಾರವಿರುವ ತನಕ ಪ್ರತೀಕಾರವೇ ಶ್ರಾವಕನ ಮೊದಲ ಧರ್ಮ.

ಆ ಪ್ರತೀಕಾರಕ್ಕೆ ಬೇಕಾದ ನಿಯಮಗಳು ನಮ್ಮ ಹನ್ನೆರಡು ವ್ರತಗಳಲ್ಲಿಯೇ ಇವೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹಚ್ಚುವುದು, ಗಿಡಮರಗಳನ್ನು ಕಡಿಯುವುದು ಇವುಗಳನ್ನು ಅನರ್ಥದಂಡ ವಿರತಿಯಲ್ಲಿ ಪ್ರಮಾದಚರ್ಯೆಯೆಂದು ನಿಷೇಧಿಸಿದೆ. ಬೇಸಗೆಯಲ್ಲಿ ಕಾಡಂಚಿಗೆ ಕಿಡಿ ಹಾರಿಸುವವನೂ, ಕೆರೆಯಂಗಳವನ್ನು ಒತ್ತುವರಿ ಮಾಡುವವನೂ, ಕೊಳವೆ ಬಾವಿಯ ನೀರನ್ನು ಅಳತೆಯಿಲ್ಲದೆ ಹರಿಸುವವನೂ ಈ ವ್ರತವನ್ನು ಓದಿಕೊಳ್ಳಬೇಕು. ಭೋಗೋಪಭೋಗ ಪರಿಮಾಣವ್ರತವು ನಮ್ಮ ಬಳಕೆಗೆ ಮಿತಿಯನ್ನು ಹಾಕುತ್ತದೆ. ಪರಿಗ್ರಹ ಪರಿಮಾಣವು ಬರಗಾಲದಲ್ಲಿ ಧಾನ್ಯವನ್ನು ಅಡಗಿಸಿಟ್ಟು ಬೆಲೆಯೇರುವುದನ್ನು ಕಾಯುವ ಬುದ್ಧಿಯನ್ನು ತಡೆಯುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಿಗೆ ವಿಪತ್ಕಾಲಕ್ಕಿಂತ ತಕ್ಕ ಕಾಲ ಯಾವುದು? ಅಷ್ಟಮಿ, ಚತುರ್ದಶಿಗಳಂದು ಉಪವಾಸ ಮಾಡುವ ಮನೆಯಲ್ಲಿ ಆ ದಿನ ಉಳಿದ ಅಕ್ಕಿಯನ್ನು ಅಳೆದು ಬೇರೊಂದು ಪಾತ್ರೆಯಲ್ಲಿ ಕೂಡಿಟ್ಟರೆ, ವರ್ಷದ ಕೊನೆಯಲ್ಲಿ ಒಂದು ಬಡಕುಟುಂಬಕ್ಕೆ ಎಷ್ಟೋ ದಿನಗಳ ಊಟವಾಗುತ್ತದೆ.

ಇನ್ನು ಮನೆಯ ಹಿರಿಯರ ವಿಚಾರ. ೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯಂತೆಯೇ ಪರಿಗಣಿಸಿ ತೀರ್ಪಿತ್ತಾಗ ಸಮಾಜವೆಲ್ಲ ಕಳವಳಗೊಂಡಿತು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ನ್ಯಾಯಾಲಯದಲ್ಲಿ ವಾದಿಸುವುದು ಒಂದು ಕಡೆಯಿರಲಿ. ನಮ್ಮ ನಡೆಯಲ್ಲಿ ಆ ಸಂದೇಹಕ್ಕೆ ಅವಕಾಶವಿರಬಾರದು. ವಾಸಿಯಾಗುವ ರೋಗಕ್ಕೆ ಚಿಕಿತ್ಸೆ ಮಾಡಿಸದೆ ವ್ರತದ ಹೆಸರನ್ನು ಹೇಳುವುದು ತಪ್ಪು. ಹಿರಿಯರು ಮನೆಗೆ ಭಾರವೆಂಬ ಭಾವನೆಯಿಂದ ಅವರನ್ನು ವ್ರತಕ್ಕೆ ನೂಕುವುದು ಘೋರ ಹಿಂಸೆ. ಹಾಗೆಯೇ, ಪ್ರತೀಕಾರವಿಲ್ಲದ ಸ್ಥಿತಿಯಲ್ಲಿ ವಿವೇಕದಿಂದ, ಗುರುಗಳ ಸಾನ್ನಿಧ್ಯದಲ್ಲಿ ವ್ರತವನ್ನು ಬೇಡುವವರ ಶಾಂತಿಯನ್ನು ಗೋಳಾಟದಿಂದ ಕದಡುವುದೂ ಸರಿಯಲ್ಲ.

ಬಂದಳಿಕೆಗೆ ಹೋಗುವ ಶ್ರಾವಕ ಶ್ರಾವಿಕೆಯರು ಶಾಂತಿನಾಥ ಸ್ವಾಮಿಯ ಬಸದಿಯಲ್ಲಿ ನಿಂತಾಗ ಜಕ್ಕಿಯಬ್ಬೆಯ ಕಡೆಯ ದಿನಗಳನ್ನು ಮಾತ್ರವಲ್ಲದೆ, ಅವಕ್ಕೆ ಮೊದಲಿನ ಏಳು ವರ್ಷಗಳನ್ನೂ ನೆನೆಯಬೇಕು. ಪತಿಯನ್ನು ಕಳೆದುಕೊಂಡಾಗ ಆಕೆ ನಾಡಿನ ಹೊಣೆಯನ್ನು ಹೊತ್ತಳು; ರೋಗವು ಮೀರಿದಾಗ ಅದೇ ಹೊಣೆಯನ್ನು ಮಗಳಿಗೆ ಇಳಿಸಿಕೊಟ್ಟಳು; ಆಮೇಲೆ ವ್ರತವನ್ನು ಹಿಡಿದಳು. ಬರಲಿರುವ ದಶಲಕ್ಷಣ ಪರ್ವದಲ್ಲಿ ಉಪವಾಸದ ಸಂಕಲ್ಪವನ್ನು ಮಾಡುವವರು ಅದರ ಜೊತೆಗೆ ಊರಿನ ಒಂದು ಕೆರೆಗೋ, ಒಂದು ಬಡಮನೆಗೋ ತಮ್ಮಿಂದ ಆಗುವ ಸಹಾಯದ ನಿಯಮವನ್ನೂ ಹಿಡಿಯಲಿ. ಮನೆಯ ಹಿರಿಯರು ಕಾಲವಿರುವಾಗಲೇ ಮಕ್ಕಳನ್ನು ಹತ್ತಿರ ಕರೆದು, ಒಪ್ಪಿಸಬೇಕಾದುದನ್ನು ಒಪ್ಪಿಸಿ, ಕ್ಷಮೆ ಕೇಳಬೇಕಾದವರಲ್ಲಿ ಕ್ಷಮೆ ಕೇಳಿ ನಿರಾಳರಾಗಲಿ.